ಕೆರೆಗೆ ಬಿದ್ದ ಡಕೋಟ

ಯುದ್ಧಕಾಲದ ಒಂದು ಡಕೋಟ ಸರಕು ವಿಮಾನದ ಬಗ್ಗೆ ಪುಸ್ತಕ ಬರೆಯುತ್ತಿದ್ದೆ. ಅದು ಎಲ್ಲಿಂದ ಎಲ್ಲಿಗೆ ಏನು ಹೊತ್ತೊಯ್ದಿತೆಂಬುದೆಲ್ಲ ಸಿಕ್ಕಿತ್ತು. ಎಲ್ಲಿ ಬಿತ್ತೆಂಬುದು ಮಾತ್ರ ಸಿಕ್ಕಿರಲಿಲ್ಲ. ಡಕೋಟ ಬಿದ್ದದ್ದನ್ನು ಕಂಡ ಅಜ್ಜನೊಬ್ಬರು ಸಾತನೂರಿನ ಹತ್ತಿರ ಇದ್ದಾರೆ ಎಂದು ಯಾರೋ ಹೇಳಿದರು. ನಂಬಿಕೆ ಬರಲಿಲ್ಲ, ಆದರೂ ಹೋದೆ.

ಅಜ್ಜ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು.

“ಡಕೋಟ ಬಿದ್ದದ್ದು ನೀವು ನೋಡಿದ್ದೀರಂತೆ?”

“ಕಣ್ಣಾರೆ ಕಂಡೀನಿ ಸ್ವಾಮಿ. ನಮ್ಮಪ್ಪನೇ ಓಡಿಸ್ತಿದ್ದದ್ದು.”

ಪೈಲಟನ ಮಗ! ಸಂಶಯವನ್ನು ಬದಿಗಿಟ್ಟು ನೋಟ್‌ಬುಕ್ ತೆಗೆದೆ. “ಒಳಗೆ ಎಷ್ಟು ಜನ ಇದ್ದರು?”

“ನಲವತ್ತು ಜನ, ಎರಡು ಮೇಕೆ. ಚನ್ನಪಟ್ಟಣ ಬುಟ್ಟು, ಹೊಂಗನೂರ್ತಾವ ಯಾರೋ ಕೈ ತೋರ್ಸುದ್ರು ಅಂತ ಒಸಿ ನಿಲ್ಸಿ...”

ಪೆನ್ನು ನಿಂತಿತು. “ಕೈ ತೋರಿಸಿದರೆ ನಿಲ್ಲುತ್ತಿತ್ತಾ?”

“ನಿಲ್ತಿತ್ತು. ಮತ್ತೆ ಹೊರಡ್ಸಕ್ಕೆ ಎಲ್ಲಾರೂ ಇಳ್ದು ತಳ್ಬೇಕಿತ್ತು.”

ಲಟಾರಿ ಬಸ್ಸಿಗೂ ನಾವೆಲ್ಲ ಡಕೋಟ ಎನ್ನುತ್ತೇವೆಂಬುದು, ಮೂರು ವರ್ಷ ಡಕೋಟವನ್ನೇ ಓದಿದ ನನಗೆ ಆಗ ನೆನಪಾಯಿತು. ನಗು ಬಂತು. ಅಜ್ಜ ನಗಲಿಲ್ಲ.

“ಬ್ರೇಕ್ ಹೋಗಿ ಕೆರೆಗಿಳೀತು. ಒಬ್ರೂ ಸಾಯ್ಲಿಲ್ಲ, ಮೇಕೆನೂ ಸಾಯ್ಲಿಲ್ಲ. ಆದ್ರೂ ಊರೋರಿಗೆ ಇವತ್ತಿಗೂ ನಾನು ಡಕೋಟ ಮುಳುಗ್ಸಿದೋನ ಮಗ. ತಪ್ಪು ಬ್ರೇಕಿಂದು ಅಂತ ನಿಮ್ ಬುಕ್ಕಲ್ಲಿ ಬರೀತೀರಾ?”

ಬರೆದೆ. ವಿಮಾನ ಬಿದ್ದ ಜಾಗ ಇನ್ನೂ ಸಿಕ್ಕಿಲ್ಲ. ಇಡೀ ಪುಸ್ತಕದಲ್ಲಿ ಕಣ್ಣಾರೆ ಕಂಡವರ ಸಾಕ್ಷಿ ಇರುವುದು ಒಂದೇ ಒಂದು ಅಡಿಟಿಪ್ಪಣಿಗೆ. ಅದರಲ್ಲಿ ಎರಡು ಮೇಕೆಗಳೂ ಇವೆ.