ಅತ್ತೆಯವರನ್ನು ಕೂರಿಸಿದ್ದ ಬೆಂಚು

ವೀಣಾಳ ಮದುವೆಯ ವೇದಿಕೆಯ ಮೇಲೆ ನಾನು ಇಟ್ಟ ಬೆಂಚು ಹೊಸದಾಗಿರಲಿಲ್ಲ. ಆ ಮದುವೆಗೆ ಕೆಲವೇ ವಾರಗಳ ಹಿಂದೆ, ತೀರಿಕೊಂಡ ನನ್ನ ಅತ್ತೆಯವರನ್ನು ಅದೇ ಬೆಂಚಿನ ಮೇಲೆ ಕೂರಿಸಿದ್ದೆವು. ನನಗೆ ಗೊತ್ತಿತ್ತು. ಗೊತ್ತಿದ್ದೇ ಇಟ್ಟೆ. ಕೇಳಿದವರಿಗೆ ಹೊಸದೆಂದು ಹೇಳಿದೆ. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ವರ್ಷಗಳೇ ಬೇಕಾದವು — ಆದರೂ ಇದು ನನ್ನ ತಪ್ಪಿನ ಸಣ್ಣ ಭಾಗ ಮಾತ್ರ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಕೊಟ್ಟೂರಿನಲ್ಲಿ ನನ್ನ ಗಂಡನದು ಶಾಮಿಯಾನದ ಅಂಗಡಿ. ಕಂಬ, ಪರದೆ, ಹಂಡೆ, ಪ್ಲಾಸ್ಟಿಕ್ ಕುರ್ಚಿ — ಮದುವೆಗೂ ಅದೇ, ಸಾವಿನ ಮನೆಗೂ ಅದೇ. ವೇದಿಕೆಯ ಅಲಂಕಾರ ನನ್ನ ಪಾಲಿನ ಕೆಲಸ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯಿಂದೆಲ್ಲ ಕರೆ ಬರುತ್ತದೆ. ನಾನು ಬಾಯಿಜೋರಿನ ಹೆಂಗಸು. ಕೆಲಸದವರನ್ನು ಗದರಿಸುತ್ತೇನೆ, ಬೀಗರನ್ನು ನಗಿಸುತ್ತೇನೆ, ಎಂಥ ಗದ್ದಲದಲ್ಲೂ ಮಾತಿಗೆ ತಡವರಿಸಿದವಳಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಷ್ಟೆಲ್ಲ ಮಾತು ಬಲ್ಲವಳು ಎಲ್ಲಿ ಸುಮ್ಮನಾದೆ ಎಂಬುದೇ ಈ ಬರಹದ ವಿಷಯ.

ವೀಣಾ ಹಡಗಲಿ ಕಡೆಯ ಮಾಗಳದ ಹುಡುಗಿ. ಗಂಡಿನ ಮನೆ ಕೂಡ್ಲಿಗಿಯಲ್ಲಿ, ಕಿರಾಣಿ ವ್ಯಾಪಾರ. ಕೆಂಪು ಮಖಮಲ್ಲಿನ ಮಹಾರಾಜ ಕುರ್ಚಿ ತನಗೆ ಬೇಡವೆಂದು ಅವಳು ಮೊದಲೇ ಹೇಳಿದ್ದಳು. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ತೋಟದಲ್ಲಿ ಇಡುವಂಥ ಬಿಳಿಯ ಕಬ್ಬಿಣದ ಬೆಂಚು, ಸುತ್ತ ದೊಡ್ಡ ದೊಡ್ಡ ಹೂಕುಂಡ, ಬೆತ್ತದ ಕುರ್ಚಿ, ಮೇಲಿನಿಂದ ಇಳಿಬಿಟ್ಟ ಬಳ್ಳಿ. ಬಿಸಿಲಲ್ಲಿ ಬೆಂದ ಊರುಗಳಿಂದ ಬಂದ ಮಂದಿಗೆ ಒಂದು ಗಳಿಗೆ ತೋಟದಲ್ಲಿ ಕೂತ ಹಾಗೆ ಅನ್ನಿಸಬೇಕು ಎಂದಳು. ಅವಳ ಅತ್ತೆಯಾಗುವ ಶಾಂತಮ್ಮನವರದು ಒಂದೇ ಷರತ್ತು: ಜೋಡಿ ಕೂರುವ ಆಸನ ಹೊಸದಿರಬೇಕು. ಬಾಡಿಗೆಯ ಕುರ್ಚಿಗಳು ಊರೂರು ಸುತ್ತಿ ಬಂದಿರುತ್ತವೆ, ಯಾರ್ಯಾರು ಕೂತು ಎದ್ದಿರುತ್ತಾರೋ, ನನ್ನ ಮಗನಿಗೆ ಅದು ಬೇಡ ಎಂದಿದ್ದರು. ಅದಕ್ಕೇನು, ಹೊಸದನ್ನೇ ತರಿಸುತ್ತೇನೆ ಎಂದು ಮಾತು ಕೊಟ್ಟೆ.

ಬೆಂಚು ದಾವಣಗೆರೆಯಿಂದ ಬರಬೇಕಿತ್ತು. ಮುಹೂರ್ತದ ಹಿಂದಿನ ದಿನ ಮಧ್ಯಾಹ್ನ ಫೋನ್ ಬಂತು — ಅದನ್ನು ಇನ್ನೊಂದು ಮದುವೆಯವರಿಗೆ ಮಾರಿಬಿಟ್ಟಿದ್ದಾರೆ. ಲಗ್ನದ ಕಾಲ, ಎಲ್ಲಿ ಕೇಳಿದರೂ ಇಲ್ಲ. ಅಂಗಳಕ್ಕೆ ಬಂದು ನಿಂತೆ. ಅಂಥದೇ ಬೆಂಚು ನನ್ನೆದುರಿಗೇ ಇತ್ತು. ನಾವೇ ವೆಲ್ಡಿಂಗ್ ಮಾಡಿಸಿದ್ದು, ಬೆನ್ನಿಗೆ ಬಳ್ಳಿಯ ನಕಾಶೆ. ಅತ್ತೆ ದಿನಾ ಸಂಜೆ ಅದರ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಸುತ್ತಲಿನ ಕುಂಡಗಳೂ ಅವರವೇ. ದುಂಡುಮಲ್ಲಿಗೆ, ಕನಕಾಂಬರ, ಕ್ರೋಟನ್ — ಒಂದೊಂದನ್ನೂ ಯಾರದೋ ಮನೆಯಿಂದ ಕಡ್ಡಿ ಮುರಿದು ತಂದು ನೆಟ್ಟಿದ್ದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕೂರಿಸುತ್ತೇವೆ. ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಅತ್ತೆ ಹೋದಾಗ ಮನೆಯೊಳಗೆ ಮಂದಿ ಹಿಡಿಸಲಿಲ್ಲ. ಅಂಗಳಕ್ಕೆ ತಂದು, ಅವರ ಬೆಂಚಿನ ಮೇಲೆಯೇ, ಬೆನ್ನಿಗೆ ಬಟ್ಟೆ ಕಟ್ಟಿ ಕೂರಿಸಿದೆವು. ಇಡೀ ದಿನ ಭಜನೆ ನಡೆಯಿತು.

ನಾನು ಬೆಂಚನ್ನು ಎಳೆದಾಗ ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು.

“ಅದು ಬ್ಯಾಡಲೇ. ಅವ್ವನ್ನ ಕುಂದ್ರಿಸಿದ್ದು.”

ನಾನು ಮಾತಿನಲ್ಲಿ ಸೋಲುವವಳೇ? ನಿಮ್ಮ ಪ್ಲಾಸ್ಟಿಕ್ ಕುರ್ಚಿಗಳು ಇವತ್ತು ಸಾವಿನ ಮನೆ, ನಾಳೆ ಮದುವೆ ಮನೆ ತಿರುಗುವುದಿಲ್ಲವೇ, ಅದಕ್ಕಿಲ್ಲದ ಮೈಲಿಗೆ ಇದಕ್ಕೆಲ್ಲಿಂದ ಬಂತು ಎಂದೆ. ಅವರು ಒಳಗೆ ಹೋದರು. ಬೆಂಚಿನ ಬೆನ್ನಿಗೆ ವಿಭೂತಿ ಇನ್ನೂ ಅಂಟಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ, ಮೇಲೆ ಬಿಳಿ ಬಣ್ಣ ಬಳಿದೆ. ಕುಂಡಗಳಿಗೆ ಗೋಣಿಬಟ್ಟೆ ಸುತ್ತಿ ಜರಿ ಪಟ್ಟಿ ಕಟ್ಟಿದೆ. ಗೂಡ್ಸ್ ಗಾಡಿ ಬಂದು ಎಲ್ಲವನ್ನೂ ಹೇರಿಕೊಂಡು ಹೋದ ಮೇಲೆ ಅಂಗಳ ನೋಡಲಾಗದಷ್ಟು ಬರಿದಾಗಿತ್ತು. ಅದನ್ನು ನೋಡುತ್ತ ನಿಲ್ಲಲು ನನಗೆ ಪುರುಸೊತ್ತೂ ಇರಲಿಲ್ಲ.

ವೇದಿಕೆ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ನಾನು ಮಾಡಿದ್ದರಲ್ಲೇ ಚೆನ್ನಾಗಿತ್ತು. ಹಡಗಲಿಯಿಂದ ಬಂದ ಮಲ್ಲಿಗೆಯ ಮಾಲೆಗಳನ್ನು ಬೆಂಚಿನ ಕೈಗಳಿಗೆ ಸುತ್ತಿದ್ದೆ. ಮುಹೂರ್ತದ ಅಕ್ಕಿಕಾಳು ಬಿದ್ದ ಮೇಲೆ ಜೋಡಿಯನ್ನು ಅಲ್ಲಿ ಕೂರಿಸುವ ಮೊದಲು ಶಾಂತಮ್ಮನವರು ಬಂದರು, ಬೆಂಚನ್ನು ಒಮ್ಮೆ ಸವರಿದರು.

“ಹೊಸಾದೇನ್ರಿ ಇದು?”

“ಹೊಸಾದ್ರಿ ಅಮ್ಮಾರ. ನಿಮ್ಮ ಮಕ್ಕಳಽ ಮೊದಲು ಕುಂದ್ರೋದು.”

ಎಷ್ಟು ಸಲೀಸಾಗಿ ಬಂತು ಆ ಮಾತು! ಅವರ ಮುಖ ಅರಳಿತು. ಅವರ ಯಜಮಾನರು, ವೀಣಾಳ ಮಾವನವರು, ಫೋಟೋಕ್ಕೆಂದು ಜೋಡಿಯ ನಡುವೆ ಕೂತು, ಇಂಥದೊಂದು ನಮ್ಮ ಮನೆಗೂ ಬೇಕು ಎಂದು ನಕ್ಕರು. ಎಲ್ಲರೂ ನಕ್ಕರು — ನಾನೂ.

ಕಾರಹುಣ್ಣಿಮೆಯ ಹೊತ್ತಿಗೆ ಆ ಮಾವನವರು ತೀರಿಕೊಂಡರು. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಸುದ್ದಿ ಕೇಳಿದ ಕೂಡಲೇ ನನಗೆ ನೆನಪಾದದ್ದು ಬೆಂಚು. ಅಂಥದ್ದನ್ನೆಲ್ಲ ನಂಬುವವಳಲ್ಲ ನಾನು, ಆದರೂ ನೆನಪಾಯಿತು. ಮಾತಾಡಿಸಿಕೊಂಡು ಬರಲು ಕೂಡ್ಲಿಗಿಗೆ ಹೋದೆ. ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಗಸರ ನಡುವೆ ಶಾಂತಮ್ಮನವರು ಒಂದೇ ಮಾತನ್ನು ಬಂದವರಿಗೆಲ್ಲ ಹೇಳಿ ಅಳುತ್ತಿದ್ದರು: ಇವಳು ಕಾಲಿಟ್ಟಳು, ಅವರು ಹೋದರು. ಕೂತವರು ಹೌದೆನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ವೀಣಾ ಹಿತ್ತಲ ಬಾಗಿಲಲ್ಲಿ, ಕೈಬಳೆಗಳನ್ನು ಸದ್ದಾಗದಂತೆ ಮೇಲಕ್ಕೆ ಒತ್ತಿಕೊಂಡು ನಿಂತಿದ್ದಳು. ಹಸಿರು ಇನ್ನೂ ಮಾಸಿರದ ಮದುವೆಯ ಬಳೆಗಳು.

ನಾನು ಹೊರಟಾಗ ಗೇಟಿನವರೆಗೆ ಬಂದಳು. ತನ್ನ ಹೆತ್ತವರು ಇನ್ನೂ ದಾರಿಯಲ್ಲಿದ್ದಾರೆ ಎಂದಳು. ಆ ಮನೆಯಲ್ಲಿ ಅವಳಿಗೆ ಗಂಡನ ಕಡೆಯದಲ್ಲದ ಪರಿಚಯದ ಮುಖವೆಂದರೆ ನನ್ನದೊಂದೇ ಇತ್ತೇನೋ — ಮದುವೆಯ ದಿನ ಅವಳ ಜಡೆಯ ಹೂ ಸರಿಮಾಡಿದ್ದವಳು.

“ಅಕ್ಕಾರ, ನೀವು ಭಾಳ ಮದುಮಕ್ಕಳನ್ನ ನೋಡೀರಿ. ಕಾಲ್ಗುಣ ಅನ್ನೋದು ಖರೇನಽ ಇರ್ತೈತೇನ್ರಿ?”

ನೀವೇ ಹೇಳಿ, ಇದಕ್ಕೆ ಉತ್ತರ ಕಷ್ಟವೇ? ನನಗೆ ಕಷ್ಟವಾಯಿತು. ಬಾಯಿ ತೆರೆದರೆ ಬೆಂಚಿನ ಸಂಗತಿ ಹೊರಗೆ ಬೀಳುತ್ತದೆ ಅನ್ನಿಸಿತು. ಬಿದ್ದರೆ ಕೊಟ್ಟೂರಿನಿಂದ ಹಡಗಲಿಯವರೆಗೆ ಇನ್ನೊಂದು ಮದುವೆಗೂ ನಮ್ಮನ್ನು ಯಾರೂ ಕರೆಯುವುದಿಲ್ಲ. ಮಂದಿ ನನ್ನ ಮುಖಕ್ಕೆ ಉಗಿಯುತ್ತಾರೆ. ಹೀಗೆಲ್ಲ ಒಂದೇ ಉಸಿರಿನಲ್ಲಿ ಯೋಚಿಸಿ, ಅವಳ ಕಣ್ಣು ತಪ್ಪಿಸಿ, “ದೇವರು ಅದಾನ ಬಿಡವ್ವ” ಎಂದೆ. ಬಸ್ಸಿಗೆ ತಡವಾಗುತ್ತದೆ ಎಂದು ಹೊರಟುಬಂದೆ. ಬಸ್ಸಿಗೆ ತಡವೇನೂ ಆಗಿರಲಿಲ್ಲ.

ಆಷಾಢಕ್ಕೆ ಎಲ್ಲ ಹೊಸ ಸೊಸೆಯರಂತೆ ವೀಣಾಳೂ ತವರಿಗೆ ಹೋದಳು. ಶ್ರಾವಣ ಬಂತು, ಪಂಚಮಿ ಮುಗಿಯಿತು, ಕರೆಯಲು ಯಾರೂ ಹೋಗಲಿಲ್ಲ. ದಸರೆ, ದೀಪಾವಳಿ — ಇಲ್ಲ. ಗಂಡ ಮೊದಮೊದಲು ಫೋನ್ ಮಾಡುತ್ತಿದ್ದನಂತೆ, ಆಮೇಲೆ ಅದೂ ನಿಂತಿತು. ನನಗೆ ಈ ಸುದ್ದಿಗಳೆಲ್ಲ ಹಡಗಲಿಯ ಹೂವಿನವರ ಕಡೆಯಿಂದ ಬರುತ್ತಿದ್ದವು. ಕೇಳಿ ಲೊಚಗುಟ್ಟುತ್ತಿದ್ದೆ. ಒಳಗೊಳಗೇ ಒಂದು ಬುದ್ಧಿವಂತಿಕೆಯ ಮಾತನ್ನೂ ಹೊಂದಿಸಿಕೊಂಡಿದ್ದೆ: ಬೆಂಚಿನ ವಿಷಯ ಹೇಳಿದರೆ ಮೂಢನಂಬಿಕೆಗೆ ನೀರೆರೆದಂತೆ, ಹೇಳದಿರುವುದೇ ಸರಿ. ಎಂಥ ದೊಡ್ಡ ಮಾತು! ಅಷ್ಟೊಂದು ನಂಬಿಕೆಯಿಲ್ಲದವಳು ನಾನು, ಬೆಂಚು ಮರಳಿ ಬಂದ ಮೇಲೆ ಅದನ್ನು ಹಿತ್ತಲಿಗೆ ಯಾಕೆ ತಳ್ಳಿದೆ? ಒಂದು ದಿನವಾದರೂ ಅದರ ಮೇಲೆ ಯಾಕೆ ಕೂರಲಿಲ್ಲ? ಕುಂಡಗಳಿಗೆ ನೀರು ಹಾಕುವಾಗಲೂ ಅದರಿಂದ ದೂರ ಸುತ್ತಿಕೊಂಡು ಹೋಗುತ್ತಿದ್ದೆನಲ್ಲ...

ಇನ್ನೊಂದು ಹೇಳಬೇಕು, ಬರೆಯಲು ಕೈ ಬರುತ್ತಿಲ್ಲ. ಆ ಮದುವೆಯ ಫೋಟೋ ನನಗೆ ಹೆಸರು ತಂದಿತು. ಎಲ್ಲರಿಗೂ ಅಂಥದೇ ವೇದಿಕೆ ಬೇಕು. ಹೊಸ ಬೆಂಚುಗಳನ್ನು ಮಾಡಿಸಿದೆ, ಕುಂಡಗಳನ್ನು ಸಾಲುಸಾಲಾಗಿ ಕೊಂಡೆ. ಹೀಗೇ ಕೆಲವು ವರ್ಷ ಕಳೆದ ಮೇಲೆ ಒಮ್ಮೆ ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು, ಮಗಳ ಮದುವೆಗೆಂದು ನನ್ನ ಫೋನಿನಲ್ಲಿ ಅದೇ ಫೋಟೋ ನೋಡಿ, ಗಂಡನ ಮನೆಯವರು ಬಿಟ್ಟ ಹುಡುಗಿ ಇವಳೇ ಅಲ್ಲವೇ ಎಂದು ಕೇಳಿದರು. ಹೌದೆಂದೆ.

“ಹುಡುಗಿ ಬಿಟ್ಟು ಉಳಿದದ್ದು ಹಿಂಗಽ ಮಾಡ್ರಿ.”

ನಾನು ನಕ್ಕೆ. ಅಂದು ಸಂಜೆ ಫೋಟೋವನ್ನು ಕತ್ತರಿಸಿದೆ. ವೀಣಾ ಇಲ್ಲ, ಅವಳ ಗಂಡ ಇಲ್ಲ, ಬರೀ ಹೂವು, ಕುಂಡ, ಬೆಂಚಿನ ಒಂದು ತುದಿ. ಅವಳ ಸೆರಗಿನ ಚೂರೊಂದು ಅಂಚಿನಲ್ಲಿ ಉಳಿದಿತ್ತು, ಅದನ್ನೂ ಬಿಡದೆ ತೆಗೆದೆ. ತೆಗೆದ ಮೇಲೆ ಫೋನ್ ಕೆಳಗಿಟ್ಟು ಅತ್ತುಬಿಟ್ಟೆ. ಅವರು ಅವಳನ್ನು ಮನೆಯಿಂದ ತೆಗೆದರು, ನಾನು ಫೋಟೋದಿಂದ ತೆಗೆದೆ — ನನಗೂ ಅವರಿಗೂ ಏನು ವ್ಯತ್ಯಾಸ?

ಮರುದಿನ ಗಂಡನಿಗೆ ಹೇಳಿ ಕೂಡ್ಲಿಗಿಗೆ ಹೋದೆ. ಶಾಂತಮ್ಮನವರ ಎದುರು ಕೂತು ಎಲ್ಲವನ್ನೂ ಹೇಳಿದೆ — ಬೆಂಚು, ಅತ್ತೆ, ಬಣ್ಣ, ನನ್ನ ಸುಳ್ಳು. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಹಾಗಾದರೆ ತಪ್ಪು ಹುಡುಗಿಯದಲ್ಲ ಎಂದರು. ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ನೆಮ್ಮದಿ. ಮಗನನ್ನು ಅಂಗಡಿಯಿಂದ ಕರೆಸಿದರು. ಬೆಂಚನ್ನು ಮುರಿಸಿ ಹೊಳೆಗೆ ಹಾಕಿಸಬೇಕು, ಮನೆಯಲ್ಲಿ ಒಂದು ಪೂಜೆಯಾಗಬೇಕು, ಸೊಸೆಯನ್ನು ಕರೆತರಬೇಕು — ಅಲ್ಲಿಯೇ ನಿಶ್ಚಯವಾಯಿತು. ನೀವೂ ಬಂದು ನಿಮ್ಮ ಬಾಯಿಂದಲೇ ಹೇಳಬೇಕು ಎಂದರು. ಒಪ್ಪಿದೆ. ಮನೆಗೆ ಮರಳುವಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ಮುರಿದದ್ದನ್ನು ನಾನೇ ಜೋಡಿಸಿದೆ ಅನ್ನಿಸಿತ್ತು.

ಶಾಂತಮ್ಮನವರು, ಅವರ ಮಗ, ನಾನು — ಮೂವರೂ ಮಾಗಳಕ್ಕೆ ಹೋದೆವು. ವೀಣಾ ಈಗ ಹಡಗಲಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವತ್ತು ರಜೆ ಹಾಕಿ ಮನೆಯಲ್ಲಿದ್ದಳು. ಸ್ವಲ್ಪ ಇಳಿದಿದ್ದಳು. ಅವಳ ಗಂಡ ನೆಲ ನೋಡುತ್ತ ಕೂತ. ನಾನು ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿ, ತಪ್ಪಾಯಿತು ಎಂದು ಕೈಮುಗಿದೆ. ಶಾಂತಮ್ಮನವರು, ಪಾಪ ನಿನ್ನದೇನೂ ಇರಲಿಲ್ಲ, ಎಲ್ಲ ಆ ಬೆಂಚಿನದು, ನಡಿಯವ್ವ ಮನೆಗೆ ಎಂದರು. ಅವಳ ತಾಯಿ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ವೀಣಾ ನಮಗೆಲ್ಲ ನೀರು ಕೊಟ್ಟು, ತಂಬಿಗೆಯನ್ನು ಕೆಳಗಿಟ್ಟು ಕೂತಳು. ದನಿ ಏರಿಸಲಿಲ್ಲ.

“ಬೆಂಚಿಂದೂ ಅಲ್ಲ, ನಂದೂ ಅಲ್ರಿ. ಮಾವಾರು ಬಿಪಿ ಗುಳಿಗಿ ಬಿಟ್ಟು ಭಾಳ ದಿನ ಆಗಿತ್ತು. ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು.”

ಶಾಂತಮ್ಮನವರು ಮಗನ ಕಡೆ ನೋಡಿದರು. ಅವನು ತಲೆ ಎತ್ತಲಿಲ್ಲ. ಇವತ್ತು ತಪ್ಪನ್ನು ಬೆಂಚಿನ ಮೇಲೆ ಹಾಕಿ ನನ್ನನ್ನು ಕರೆದೊಯ್ಯುತ್ತೀರಿ, ನಾಳೆ ಇನ್ನೊಂದಾದರೆ ಮತ್ತೆ ನನ್ನ ಮೇಲೆ ಹಾಕುತ್ತೀರಿ, ನಾನು ಬರುವುದಿಲ್ಲ ಎಂದಳು. ತಾಯಿ ಗದರಿಸಿದರು, ತಂದೆ ಬೇಡಿಕೊಂಡರು. ಅವಳು ಅಲುಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

“ಅವತ್ತು ಗೇಟಿನ್ಯಾಗ ನಾ ಕೇಳಿದ್ದು ಬೆಂಚಿನ ಸುದ್ದಿ ಅಲ್ರಿ ಅಕ್ಕಾರ. ನಿನ್ನ ತಪ್ಪಲ್ಲವ್ವ ಅಂತ ಒಬ್ರಾದ್ರೂ ಅಂತಾರೇನೋ ಅಂತ ಕೇಳಿದ್ದೆ.”

ಅವಳಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಉಂಡು ಹೋಗಿ ಎಂದು ಎಲ್ಲರಿಗೂ ತಾನೇ ಎಲೆ ಹಾಕಿದಳು.

ಇಷ್ಟು ವರ್ಷ ನಾನು ಬೆಂಚನ್ನೇ ನನ್ನ ಪಾಪವೆಂದು ಹೊತ್ತು ತಿರುಗಿದೆ. ಅದನ್ನು ಹೇಳಿಬಿಟ್ಟರೆ ಎಲ್ಲ ಇಳಿಯುತ್ತದೆ ಎಂದುಕೊಂಡಿದ್ದೆ. ಹೇಳಿದೆ, ಇಳಿಯಲಿಲ್ಲ. ಅವಳು ಕೇಳಿದ್ದ ಆ ಒಂದು ಮಾತಿಗೆ ನಾನು ಯಾವ ಗುಟ್ಟನ್ನೂ ಬಿಟ್ಟುಕೊಡಬೇಕಿರಲಿಲ್ಲ. ನನ್ನ ಅಂಗಡಿ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಸುಳ್ಳೂ ಉಳಿಯುತ್ತಿತ್ತು. ಎಲ್ಲವನ್ನೂ ಇಟ್ಟುಕೊಂಡೇ, ಆ ಗೇಟಿನಲ್ಲಿ ನಿಂತು, ನಿನ್ನ ತಪ್ಪಲ್ಲವ್ವ ಎಂದು ಹೇಳಬಹುದಿತ್ತು. ಹೇಳಲಿಲ್ಲ.