ಚುಕ್ಕಿ ಹೆಸರಿನ ಲೋಟ

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದ ಮಂಗಳೂರಿನ ಆಂಟಿ ಭಾನುವಾರ ಚರ್ಚಿನಿಂದ ನೇರ ಹಳೆ ಸಾಮಾನಿನ ಸಂತೆಗೆ ಹೋಗುತ್ತಿದ್ದರು, ನನ್ನನ್ನೂ ಎಳೆದುಕೊಂಡು. ಕಾರ್ ಪಾರ್ಕಿನ ಬಯಲಿನಲ್ಲಿ ಟಾರ್ಪಾಲಿನ ಮೇಲೆ ಗಡಿಯಾರ, ಕ್ಯಾಮೆರಾ, ಬೂಟು ಹರಡಿರುತ್ತಿದ್ದವು. ಆಂಟಿ ಅವನ್ನೆಲ್ಲ ದಾಟಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಸ್ಟೀಲ್ ಪಾತ್ರೆಗಳ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಒಂದೊಂದರ ಅಂಚನ್ನೂ ಬೆಳಕಿಗೆ ತಿರುಗಿಸಿ, ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಹುಡುಕುವುದು ಅವರ ಕೆಲಸ. ಹೆಚ್ಚಿನವು ತಮಿಳರ ಮನೆಯವು. "ಯಾರ ಮನೆಯದ್ದೋ ಏನೋ, ಪಾಪ" ಎಂದು ಸೆರಗಿನಿಂದ ಒರೆಸಿ ವಾಪಸ್ ಇಡುತ್ತಿದ್ದರು.

ಒಂದು ಭಾನುವಾರ ಲೋಟವೊಂದರ ಮೇಲೆ ಕನ್ನಡ ಅಕ್ಷರ ಕಂಡಿತು. ಆಂಟಿ ಎದ್ದು ನಿಂತು, ಹಾಜರಿ ಕರೆಯುವ ಟೀಚರಂತೆ, ಸಂತೆಗೆಲ್ಲ ಕೇಳುವ ಹಾಗೆ ಆ ಹೆಸರು ಕೂಗಿದರು. ಯಾರೂ ತಿರುಗಲಿಲ್ಲ. ನನಗೆ ನಾಚಿಕೆಯಾಯಿತು.

"ಬನ್ನಿ ಆಂಟಿ, ಹೋಟೆಲಲ್ಲಿ ರೋಟಿ ಚನಾಯ್ ತಪಾವ್ ಮಾಡಿಸಿ, ಪೊಟ್ಟಣ ಹಿಡ್ಕೊಂಡು ಮನೆಗೆ ಹೋಗೋಣ" ಎಂದೆ.

"ನಿಲ್ಲು ಮಾರಾಯ್ತಿ. ಆಚೆ ಬದಿಯಲ್ಲಿದ್ದರೆ ಕೇಳಬೇಕಲ್ಲ?" ಎಂದು ಇನ್ನೊಮ್ಮೆ ಕೂಗಿದರು.

ಮಾರುವವನು ಆ ಗೀರುಗಳನ್ನು ಉಜ್ಜಿ ತೆಗೆದುಕೊಡುತ್ತೇನೆ ಎಂದು ಕೈ ಚಾಚಿದ. ಆಂಟಿ ಲೋಟವನ್ನು ಎದೆಗೆ ಅವಚಿಕೊಂಡರು.

ಊರಿಗೆ ಮರಳುವ ದಿನ ಅದನ್ನು ನನ್ನ ಕೈಗಿತ್ತರು. "ಯಾರಾದರೂ ಕೇಳಿಕೊಂಡು ಬಂದರೆ ಕೊಟ್ಟುಬಿಡು."

ಈಗ ನನ್ನ ಬೆಳಗಿನ ಕಾಫಿ ಅದರಲ್ಲೇ. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಕನ್ನಡ ಓದಲು ಬಾರದು. ಮೊನ್ನೆ ಆ ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಕೇಳಿದಳು: "ಅಮ್ಮಾ, ಈಸ್ ದಿಸ್ ಆಂಟೀಸ್ ನೇಮ್?"

"ಹೌದು" ಎಂದೆ.