ಹಳದಿ ಅಂಗಿಗೊಂದು ಗೀಟು

ಕಾರ್ಖಾನೆಯ ಗೇಟಿನಲ್ಲಿ ಮೂವತ್ತೊಂದು ವರ್ಷ ಕೂತು, ಬಂದವರ ಹೊತ್ತು ಬರೆದು, ತಡವಾದವರ ಅರ್ಧ ದಿನದ ಸಂಬಳಕ್ಕೆ ಕತ್ತರಿ ಹಾಕಿದ ಮನುಷ್ಯನಿಗೆ ನಿವೃತ್ತಿಯಾದ ಮೇಲೆ ಏನು ಮಾಡಬೇಕೆಂದು ತೋಚುವುದಿಲ್ಲ. ಟೈಂಕೀಪರಿಗೂ ತೋಚಲಿಲ್ಲ. ಹಾಗಾಗಿ ಅವರು ಮನೆಯವರ ಹೊತ್ತು ಎಣಿಸತೊಡಗಿದರು. ಹೆಂಡತಿ ಬಚ್ಚಲಿಗೆ ಹೋದರೆ ಹದಿನೇಳು ನಿಮಿಷ, ಮಗ ಫೋನು ಹಿಡಿದರೆ ನಲವತ್ತು ನಿಮಿಷ, ಹಾಲಿನವನು ಬಂದರೆ ಆರು ನಿಮಿಷ ಲೇಟು. "ನಾನು ಸತ್ತರೂ ಇವರು ಲೇಟಾಗಿ ಸತ್ತಳು ಅಂತಲೇ ಹೇಳೋದು," ಎಂದು ಹೆಂಡತಿ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ಟೈಂಕೀಪರು ನಗುತ್ತಿರಲಿಲ್ಲ.

ಗೋಡೆ ಗಡಿಯಾರ ಕೆಟ್ಟರೂ ಟೈಂಕೀಪರು ಕೆಡುವುದಿಲ್ಲ ಎಂದು ಕಾರ್ಖಾನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದನ್ನು ಯಾರೂ ಹೊಗಳಿಕೆಗೆ ಹೇಳಿದ್ದಲ್ಲ. ಹೆಂಡತಿಯನ್ನು ಹೆರಿಗೆಗೆ ಸೇರಿಸಿ ಆಸ್ಪತ್ರೆಯಿಂದ ಓಡಿ ಬಂದ ಫಿಟ್ಟರನಿಗೂ ಅವರು ಅರ್ಧ ದಿನ ಹಿಡಿದಿದ್ದರು. ಆದರೆ ಟೈಂಕೀಪರು ಆ ಮಾತನ್ನು ಪದಕದ ಹಾಗೆ ಎದೆಗೆ ತಗುಲಿಸಿಕೊಂಡು ತಿರುಗಿದರು. ತಮ್ಮ ಲೆಕ್ಕ ತಪ್ಪಿದ್ದು ಅವರಿಗೆ ನೆನಪೇ ಇರಲಿಲ್ಲ. ತಪ್ಪಿದೆ ಎಂದು ಹೇಳಲು ಬಂದವರ ಮಾತನ್ನು ಅವರು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ, ಅಷ್ಟೇ.

ಇಂಥವರು ಒಂದು ಭಾನುವಾರ ಬೆಳಿಗ್ಗೆ, ಹಿಂದಿನ ದಿನ ಮಳೆ ಸುರಿದು ರಾಡಿಯಾದ ಮೈದಾನದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದು ಸೊಸೆಯ ಸಲುವಾಗಿ.

ಸೈಕಲ್ ಕ್ಲಬ್ಬಿಗೆ ಮೊದಲು ಸೇರಿದವನು ಮಗ. ವಿಮೆ ಏಜೆಂಟು. ಕ್ಲಬ್ಬಿನಲ್ಲಿ ಡಾಕ್ಟರು, ವಕೀಲರು, ಅಂಗಡಿ ಮಾಲೀಕರು ಇರುತ್ತಾರೆ, ಬೆವರುವಾಗ ಮನುಷ್ಯ ಸಾವಿನ ಬಗ್ಗೆ ಯೋಚಿಸುತ್ತಾನೆ, ಆಗ ಪಾಲಿಸಿ ಮಾತಾಡಬಹುದು ಎಂಬುದು ಅವನ ಎಣಿಕೆ. ಮೂರು ಭಾನುವಾರ ತುಳಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಆಮೇಲೆ ಅವನು ಕ್ಲಬ್ಬಿಗೆ ಫೋಟೋ ತೆಗೆಯುವವನಾದ. ಅಧ್ಯಕ್ಷರ ಫೋಟೋ ಎಂದರೆ ಹೆಚ್ಚು ಸರಿ. ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರು ನಕ್ಕರೆ ಇವನೂ ನಗುತ್ತಿದ್ದ, ಕೆಮ್ಮಿದರೆ ನೀರಿನ ಬಾಟಲಿ ಚಾಚುತ್ತಿದ್ದ.

ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದ ಆ ಸೈಕಲ್ಲನ್ನು ಸೊಸೆ ಒಂದು ದಿನ ಒರೆಸಿ ಹೊರಗೆ ತಂದಳು. ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅಲ್ಲಿಯ ಲಿಫ್ಟು ಕೆಟ್ಟು ಯಾವ ಕಾಲವಾಗಿತ್ತೋ. ಒದ್ದೆ ಹೊದಿಕೆಗಳ ಗಂಟನ್ನು ಹೆಗಲಿಗೇರಿಸಿ ಮೂರು ಮಹಡಿ ಹತ್ತಿ ತಾರಸಿಯಲ್ಲಿ ಹರವಬೇಕು, ದಿನಕ್ಕೆ ಹತ್ತು ಹನ್ನೆರಡು ಸಲ. ಹೀಗಾಗಿ ಕಾಲು, ಹೆಗಲು ಎರಡೂ ಗಟ್ಟಿ. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿ ಬರುತ್ತಾ, ಭಾನುವಾರ ಕ್ಲಬ್ಬಿನವರ ಜೊತೆ ತುಳಿಯುತ್ತಾ, ವರ್ಷ ಕಳೆಯುವುದರೊಳಗೆ ಕ್ಲಬ್ಬಿನ ಹೆಂಗಸರನ್ನೆಲ್ಲ ಹಿಂದೆ ಹಾಕಿದಳು. ಕೆಲವು ಗಂಡಸರನ್ನೂ ಹಾಕಿದ್ದಳು, ಅದನ್ನು ಕ್ಲಬ್ಬಿನಲ್ಲಿ ಯಾರೂ ಆಡುತ್ತಿರಲಿಲ್ಲ.

ಮುಂದಿನ ತಿಂಗಳ ದೊಡ್ಡ ಸ್ಪರ್ಧೆಗೆ ಕ್ಲಬ್ಬಿನಿಂದ ಒಬ್ಬಳೇ ಹೆಂಗಸನ್ನು ಕಳಿಸುವುದಿತ್ತು. ಎರಡು ವರ್ಷದಿಂದ ಸೊಸೆ ಕೇಳುತ್ತಿದ್ದಳು, ಎರಡು ಸಲವೂ "ಮುಂದಿನ ಸಲ ನೋಡೋಣಮ್ಮ" ಎಂದಾಗಿತ್ತು. ಎರಡು ಸಲವೂ ಹೋದವಳು ಅಧ್ಯಕ್ಷರ ತಂಗಿಯ ಮಗಳು. ಈ ಸಲ ಎಲ್ಲರೆದುರು ಸೊಸೆ ಪಟ್ಟು ಹಿಡಿದಿದ್ದರಿಂದ, ಈ ಭಾನುವಾರದ ಓಟದಲ್ಲಿ ನಮ್ಮ ಹೆಂಗಸರ ಪೈಕಿ ಯಾರು ಮುಂದೆ ಬರುತ್ತಾರೋ ಅವರೇ ಹೋಗುವುದು ಎಂದು ಅಧ್ಯಕ್ಷರು ಬಾಯಿ ಬಿಟ್ಟು ಹೇಳಬೇಕಾಯಿತು. ಹೇಳಿದ್ದಕ್ಕೆ ಆಮೇಲೆ ಅವರು ಎಷ್ಟು ಕೈ ಹಿಸುಕಿಕೊಂಡರೋ.

ಈ ಸೈಕಲ್‌ಕ್ರಾಸ್ ಎಂಬ ಆಟವನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ. ನಯವಾದ ರಸ್ತೆ ಪಕ್ಕದಲ್ಲೇ ಇರುವಾಗ ಅದನ್ನು ಬಿಟ್ಟು ಕೆಸರಿಗೆ ಇಳಿಯಬೇಕು. ಅಡ್ಡ ಹಲಗೆ ಬಂದರೆ ಇಳಿದು ಸೈಕಲ್ ಎತ್ತಿಕೊಂಡು ಹಾರಬೇಕು. ದಿಬ್ಬ ಬಂದರೆ ಅದನ್ನು ಹೆಗಲ ಮೇಲೆ ಹೊತ್ತು ಮಣ್ಣಿನ ಮೆಟ್ಟಿಲು ಓಡಬೇಕು. ಹೀಗೆ ಆರು ಸುತ್ತು. "ಸೈಕಲ್ ಮೇಲೆ ಮನುಷ್ಯ ಕೂರೋದು ನೋಡಿದೀನಿ," ಎಂದರು ಟೈಂಕೀಪರು ಪಕ್ಕದಲ್ಲಿ ನಿಂತಿದ್ದ ಡ್ರಿಲ್ ಮಾಸ್ತರಿಗೆ. "ಮನುಷ್ಯನ ಮೇಲೆ ಸೈಕಲ್ ಕೂರೋದು ಇಲ್ಲೇ ನೋಡ್ತಿರೋದು." ಡ್ರಿಲ್ ಮಾಸ್ತರು ಬೇರೆ ಕ್ಲಬ್ಬಿನ ಕಡೆಯಿಂದ ಸುತ್ತು ಎಣಿಸಲು ಬಂದವರು. ಪಾಪ, ನಕ್ಕರು.

ಎಣಿಸುವವರನ್ನು ಆಯಾ ಕ್ಲಬ್ಬೇ ಕರೆತರಬೇಕಿತ್ತು. ಸುತ್ತು ಹೇಳಲು ಮೈಕಿತ್ತು, ಅದರ ಬ್ಯಾಟರಿಯನ್ನು ಅತಿಥಿಗಳು ಭಾಷಣದಲ್ಲೇ ತಿಂದು ಮುಗಿಸಿದ್ದರು. ಸೊಸೆಗೆ ಎಣಿಸಿ ಹೇಳಲು ಕ್ಲಬ್ಬಿನಲ್ಲಿ ಒಬ್ಬರೂ ಮುಂದೆ ಬಂದಿರಲಿಲ್ಲ. ಅಧ್ಯಕ್ಷರ ತಂಗಿಯ ಮಗಳಿಗೆ ಯಾರೂ ಬೇಕಿರಲಿಲ್ಲ. ಅವಳ ಕೈಗೆ ಕಟ್ಟಿದ ಯಂತ್ರ ತಾನೇ ಎಣಿಸುತ್ತಿತ್ತು. "ಮಾವ, ನೀವೇ ಬನ್ನಿ. ನೀವಿದ್ರೆ ನನಗೆ ಎಣಿಕೆ ಚಿಂತೆ ಇರಲ್ಲ," ಎಂದು ಸೊಸೆ ಕೇಳಿದಾಗ ಟೈಂಕೀಪರು ಉಬ್ಬಿದರು. ಉಬ್ಬಿದ್ದನ್ನು ತೋರಿಸಿಕೊಳ್ಳದೆ, "ಎರಡು ಮಕ್ಕಳ ತಾಯಿ ಕೆಸರಲ್ಲಿ ಹೊರಳೋದನ್ನ ನಾನು ಬೇರೆ ನೋಡ್ಬೇಕಾ?" ಎಂದು ಗೊಣಗಿ ಒಪ್ಪಿದರು.

ಮೊದಲು ಗಂಡಸರ ಓಟ. ಅದು ಟೈಂಕೀಪರಿಗೆ ಹಬ್ಬದೂಟ. ಒಂದು ಕೈಯಲ್ಲಿ ಎತ್ತಬಹುದಾದ ಸೈಕಲ್ಲನ್ನು ಸಮುದ್ರದಾಚೆಯಿಂದ ತರಿಸಿದ ಮಹನೀಯರು ಅದನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತಿದ್ದರು. ಚೈನು ಕಳಚಿದರೆ ಹಾಕಲು ಬಾರದ ವಕೀಲರೊಬ್ಬರು ಯಾರಾದರೂ ಬರುತ್ತಾರೇನೋ ಎಂದು ಸುತ್ತ ನೋಡುತ್ತಾ ನಿಂತಿದ್ದರು. ಅಧ್ಯಕ್ಷರಂತೂ ಮೂರನೇ ಮೆಟ್ಟಿಲಲ್ಲಿ ಜಾರಿ, ಸೈಕಲ್ ಸಮೇತ ಹಿಂದಕ್ಕೆ ಬಂದು, ಹೊಟ್ಟೆಯ ಮೇಲೆ ಮಲಗಿದರು. ವಿಮೆ ಏಜೆಂಟು ಅಭ್ಯಾಸಬಲದಿಂದ ಅದರ ಫೋಟೋವನ್ನೂ ತೆಗೆದುಬಿಟ್ಟಿದ್ದ.

ಆಮೇಲೆ ಹೆಂಗಸರ ಓಟ ಶುರುವಾಯಿತು. ಟೈಂಕೀಪರು ಮೆಟ್ಟಿಲ ತುದಿಯಲ್ಲಿ ಕೂತು, ಪುಸ್ತಕ ತೆರೆದು, ಸೊಸೆ ಹತ್ತಿ ಬಂದಾಗಲೆಲ್ಲ ಒಂದು ಗೀಟು ಎಳೆದು ಕೂಗಿ ಹೇಳುತ್ತಿದ್ದರು. "ಒಂದು!" ಎಂದಾಗ ಅವಳು ಮೂರನೆಯವಳು. "ಎರಡು!" ಎಂದಾಗ ಮೊದಲನೆಯವಳು. ಹೆಗಲ ಮೇಲೆ ಸೈಕಲ್ ಏರಿಸಿಕೊಂಡು ಅವಳು ಮೆಟ್ಟಿಲು ಹತ್ತುವುದನ್ನು ಕಂಡು ಡ್ರಿಲ್ ಮಾಸ್ತರು, "ಏನ್ ಸಾರ್ ಈಯಮ್ಮ, ಬಟ್ಟೆ ಗಂಟು ಹೊತ್ಕೊಂಡ ಹಾಗೆ ಹೊರ್ತಾರಲ್ಲ!" ಎಂದರು. ಟೈಂಕೀಪರಿಗೆ ಒಳಗೊಳಗೇ ಖುಷಿಯಾಯಿತು. ನಿಜವಾದ ಖುಷಿ. ಅದನ್ನು ಬಾಯಲ್ಲಿ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಮೂರು!" ಎಂದು ಗೀಟೆಳೆದು ಸೊಸೆಯನ್ನು ಕಳಿಸಿದ ಮೇಲೆ ಅವರು ಅಧ್ಯಕ್ಷರು ಬಿದ್ದ ಕಥೆಯನ್ನು ಮತ್ತೆ ಎತ್ತಿಕೊಂಡರು. "ಊರವರ ಹಲ್ಲು ಕೀಳೋನು ಇವತ್ತು ತನ್ನ ಹಲ್ಲನ್ನೇ ಕಿತ್ಕೊಳ್ತಿದ್ದ! ಆ ಹೊಟ್ಟೆ ಇಲ್ದೇ ಇದ್ರೆ ಮೂಗೂ ಹೋಗ್ತಿತ್ತು..." ಹೀಗೆ ಅವರು ಮಾಸ್ತರ ಕಡೆ ತಿರುಗಿ ಕೊಚ್ಚುತ್ತಿರುವಾಗ ಅಧ್ಯಕ್ಷರೇ ಮೆಟ್ಟಿಲು ಹತ್ತಿ ಬಂದರು. ಬಿದ್ದ ಫೋಟೋ ಅವರಿಗೆ ಹಿಡಿಸಿರಲಿಲ್ಲ. ಹೆಂಗಸರು ದೂರ ಇದ್ದ ಹೊತ್ತು ನೋಡಿ, ಸೈಕಲ್ ಹೆಗಲಿಗೇರಿಸಿಕೊಂಡು, ವೀರನ ಮುಖ ಮಾಡಿ ಇನ್ನೊಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಏಜೆಂಟು ಮಗ ಕೆಳಗೆ ಮೊಣಕಾಲೂರಿ ತೆಗೆಯುತ್ತಿದ್ದ. ಕೆಸರಿನಲ್ಲಿ ಎಲ್ಲರ ಮುಖವೂ ಒಂದೇ. ಟೈಂಕೀಪರ ಓರೆಗಣ್ಣಿಗೆ ಕಂಡಿದ್ದು ಕ್ಲಬ್ಬಿನ ಹಳದಿ ಅಂಗಿ, ಹೆಗಲ ಮೇಲೊಂದು ಸೈಕಲ್. ಮಾತು ನಿಲ್ಲಿಸದೆ ಅವರು ಒಂದು ಗೀಟು ಎಳೆದರು.

ಸ್ವಲ್ಪ ಹೊತ್ತಿಗೆ ಸೊಸೆ ಬಂದಳು. ಇನ್ನೊಂದು ಗೀಟು ಬಿತ್ತು. "ಐದು!" ಎಂದು ಅವಳ ಬೆನ್ನಿಗೆ ಕೂಗಿದರು. ಗಾಳಿಗೆ ಅವಳಿಗೆ ಕೇಳಿಸಿತೋ ಇಲ್ಲವೋ.

"ಸಾರ್, ನಾಲ್ಕಲ್ವಾ? ನಮ್ ಹುಡುಗಿದೂ..." ಎಂದು ಮಾಸ್ತರು ಬಾಯಿ ತೆಗೆದರು.

"ನನ್ನ ಲೆಕ್ಕ ನನಗೆ ಬಿಡಿ. ನಿಮ್ಮದು ನೀವು ನೋಡ್ಕೊಳ್ಳಿ."

ಮಾಸ್ತರು ಮುಖ ಸಪ್ಪಗೆ ಮಾಡಿಕೊಂಡು ಹಲಗೆಗಳ ಕಡೆ ಹೊರಟುಹೋದರು.

ಸೊಸೆ ಮತ್ತೆ ಹತ್ತಿ ಬಂದಾಗ ಉಸಿರು ಕಿತ್ತು ಬರುತ್ತಿತ್ತು. ಕೆಸರಿನ ನಡುವೆ ಎರಡು ಕಣ್ಣು ಮಾತ್ರ. "ಐದಲ್ವಾ ಮಾವ?" ಎಂದಳು.

"ಆರು! ಇದೇ ಕೊನೇದು! ಇರೋದನ್ನೆಲ್ಲ ಹಾಕ್ಬಿಡು!"

ಅರೆಗಳಿಗೆ ಅವಳು ಅವರ ಮುಖ ನೋಡಿದಳು. ಆಮೇಲೆ ಸೈಕಲ್ ಇಳಿಸಿ ಏರಿದಳು, ಇರುವುದನ್ನೆಲ್ಲ ಹಾಕಿದಳು. ಇಳಿಜಾರಿನಲ್ಲಿ ಬ್ರೇಕು ಮುಟ್ಟಲಿಲ್ಲ. ಮುಕ್ತಾಯದ ಗೆರೆ ದಾಟಿ, ಕೈ ಮೇಲೆತ್ತಿ, ಸೈಕಲ್ ಬದಿಗೆ ಬೀಳಿಸಿ ತಾನೂ ಕೆಸರಿನಲ್ಲೇ ಅಂಗಾತ ಬಿದ್ದಳು. ಎರಡನೆಯವಳಾದ ಅಧ್ಯಕ್ಷರ ತಂಗಿಯ ಮಗಳು ಆಗಿನ್ನೂ ಮೆಟ್ಟಿಲ ಬುಡ ಸೇರಿರಲಿಲ್ಲ.

ತೀರ್ಪುಗಾರ ಬಾವುಟ ಹಿಡಿದು ಓಡಿ ಬಂದ. "ಏನಮ್ಮ ಮಲಗಿಬಿಟ್ರಿ? ಇನ್ನೊಂದು ಸುತ್ತಿದೆ!"

ಸೊಸೆ ಮೊಣಕೈ ಊರಿ ಎದ್ದಳು. ತೀರ್ಪುಗಾರನನ್ನು ನೋಡಲಿಲ್ಲ, ದಿಬ್ಬದ ಮೇಲಿದ್ದ ಮಾವನನ್ನು ನೋಡಿದಳು. ಹೌದಾ ಎಂದು ಕೈ ಆಡಿಸಿ ಕೇಳಿದಳು.

ಟೈಂಕೀಪರು ಪುಸ್ತಕ ನೋಡಿದರು. ಆರು ಗೀಟು. ನಾಲ್ಕನೆಯ ಗೀಟಿನ ಮೇಲೆ ಕಣ್ಣು ನಿಂತಿತು. ಹಳದಿ ಅಂಗಿ, ಮೊಣಕಾಲೂರಿ ಕೂತ ಮಗ, ಅವನ ಕೈಯಲ್ಲಿನ ಫೋನು, ಎಲ್ಲ ಒಟ್ಟಿಗೆ ನೆನಪಿಗೆ ಬಂತು. "ತಪ್ಪು ನಂದು, ಎದ್ದೇಳು" ಎಂದು ಕೂಗಿದರೆ ಕೆಳಗೆ ಕೇಳಿಸುವಷ್ಟೇ ದೂರ. ಅವರು ಕೂಗಲಿಲ್ಲ. ಯಾರಾದರೂ ನೋಡುತ್ತಿದ್ದರೆ ಎಂದು, ಇನ್ನೊಮ್ಮೆ ಎಣಿಸುವವರ ಹಾಗೆ ಬೆರಳಿನಿಂದ ಗೀಟುಗಳನ್ನು ಮುಟ್ಟುತ್ತಾ ತಲೆ ತಗ್ಗಿಸಿ ಕೂತರು. ಅಷ್ಟರಲ್ಲಿ ಅಧ್ಯಕ್ಷರ ತಂಗಿಯ ಮಗಳು ಅವರ ಪಕ್ಕದಿಂದಲೇ ಮೆಟ್ಟಿಲು ಹತ್ತಿ, ಇಳಿದು, ಬಿದ್ದಿದ್ದವಳನ್ನು ದಾಟಿ ಕೊನೆಯ ಸುತ್ತಿಗೆ ಹೋದಳು. ಹಿಂದೆ ಇನ್ನಿಬ್ಬರು ಹೋದರು. ಸೊಸೆ ಆಮೇಲೆ ಎದ್ದಳು. ಮರಗಟ್ಟಿದ ಕಾಲಿನಲ್ಲಿ ಅರ್ಧ ತುಳಿದು ಅರ್ಧ ತಳ್ಳಿಕೊಂಡು ನಾಲ್ಕನೆಯವಳಾಗಿ ಬಂದಳು.

ಶಾಮಿಯಾನದ ಕೆಳಗೆ ಕ್ಲಬ್ಬಿನವರೆಲ್ಲ ಸೇರಿದಾಗ ಅಧ್ಯಕ್ಷರ ಮುಖದಲ್ಲಿ ಅವರು ಕಟ್ಟಿಕೊಡುವ ಹಲ್ಲಿನ ಸೆಟ್ಟಿಗಿಂತ ಹೆಚ್ಚು ಹೊಳಪಿತ್ತು. ದೊಡ್ಡ ಸ್ಪರ್ಧೆಗೆ ತಮ್ಮ ತಂಗಿಯ ಮಗಳ ಹೆಸರು ಸಾರಿ, "ಬರೀ ಕಾಲಲ್ಲಿ ಗೆಲ್ಲೋಕಾಗಲ್ಲ ನೋಡಿ. ಆರರವರೆಗೆ ಎಣಿಸೋಕೂ ಬರ್ಬೇಕು," ಎಂದರು. ಎಲ್ಲರೂ ನಕ್ಕರು. ಏಜೆಂಟು ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಿರುವುದು ತನ್ನ ಹೆಂಡತಿಯನ್ನು ಕುರಿತು ಎಂಬುದು ಅವನಿಗೆ ಲೆಕ್ಕಕ್ಕೇ ಬರಲಿಲ್ಲ.

ಆಗ ಟೈಂಕೀಪರು ಎದ್ದು ನಿಂತರು. "ಅವಳ ತಪ್ಪಲ್ಲ. ಎಣಿಸಿದ್ದು ನಾನು. ಐದನೇದನ್ನ ಆರು ಅಂದೆ."

ಅಧ್ಯಕ್ಷರು ಬಂದು ಅವರ ಹೆಗಲು ಹಿಡಿದರು. "ನೀವು ತಪ್ಪೋದಾ ಸಾರ್? ಕಾರ್ಖಾನೆ ಗಡಿಯಾರ ತಪ್ಪಬಹುದು, ನೀವು ತಪ್ಪಲ್ಲ. ನೋಡ್ರಪ್ಪ, ಸೊಸೆ ಮಾನ ಉಳಿಸೋಕೆ ತಪ್ಪನ್ನ ತಮ್ಮ ಮೈಮೇಲೆ ಹಾಕ್ಕೋತಿದ್ದಾರೆ. ಇಂಥ ಮಾವ ಎಲ್ಲಿ ಸಿಗ್ತಾರೆ!"

"ಇಲ್ಲ ಸ್ವಾಮಿ, ನಿಜ ಹೇಳ್ತಿದೀನಿ. ನೀವು ಫೋಟೋ ತೆಗೆಸ್ಕೊಳ್ಳೋಕೆ ಮೆಟ್ಟಿಲು ಹತ್ತಿದ್ರಲ್ಲ, ಅದನ್ನೂ ಎಣಿಸ್ಬಿಟ್ಟೆ." ಮಗನ ಕಡೆ ತಿರುಗಿದರು. "ಫೋನ್ ತೆಗಿಯೋ. ಎಷ್ಟು ಗಂಟೆಗೆ ತೆಗ್ದಿದ್ದು ಅಂತ ಅದ್ರಲ್ಲೇ ಇರತ್ತೆ. ಎಲ್ರಿಗೂ ತೋರ್ಸು."

ಏಜೆಂಟು ಒಮ್ಮೆ ಅಧ್ಯಕ್ಷರ ಮುಖ ನೋಡಿದ. "ಚಾರ್ಜ್ ಇಲ್ಲ ಅಪ್ಪ," ಎಂದ. ಅವನ ಕೈಯಲ್ಲಿ ಫೋನಿನ ಪರದೆ ಬೆಳಗುತ್ತಲೇ ಇತ್ತು. ಅವನು ಅದನ್ನು ಮೆಲ್ಲಗೆ ಜೇಬಿಗಿಳಿಸಿ, "ಸುಮ್ನೆ ಕೂತ್ಕೊಳ್ಳಿ, ನಾಲ್ಕು ಜನ ನೋಡ್ತಿದ್ದಾರೆ," ಎಂದು ಪಿಸುಗುಟ್ಟಿದ.

ನಾಲ್ಕು ಜನ ನೋಡಿದ್ದಷ್ಟೇ ಅಲ್ಲ, ಚಪ್ಪಾಳೆಯನ್ನೂ ತಟ್ಟಿದರು. ವಕೀಲರು ಕಣ್ಣೊರೆಸಿಕೊಂಡರು. ಹುಟ್ಟಿದಾರಭ್ಯ ಮೊದಲ ಸಲ ತಪ್ಪೊಪ್ಪಿಕೊಂಡ ಮನುಷ್ಯನಿಗೆ ಹಾರ ಹಾಕುವುದೊಂದು ಬಾಕಿ. ಅವರು ಮತ್ತೆ ಮಾತಾಡಲು ಹೋದಷ್ಟೂ ಚಪ್ಪಾಳೆ ಜೋರಾಯಿತು. ಕೊನೆಗೆ ಅವರು ಹೊರಗೆ ಬಂದುಬಿಟ್ಟರು.

ಸೊಸೆ ಶಾಮಿಯಾನದ ಹಿಂದೆ ನಲ್ಲಿಯ ಹತ್ತಿರ ಸೈಕಲ್ ತೊಳೆಯುತ್ತಿದ್ದಳು.

"ಹೇಳ್ದೆ ಕಣಮ್ಮ. ನಂಬಲಿಲ್ಲ ಅವರು."

"ಕೇಳಿಸ್ತು ಮಾವ. ಚಪ್ಪಾಳೆನೂ ಕೇಳಿಸ್ತು." ಅವಳು ನಲ್ಲಿ ನಿಲ್ಲಿಸಿದಳು. ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಟೈಂಕೀಪರಿಗೆ ಎಷ್ಟೋ ಹಗುರವಾಗುತ್ತಿತ್ತು. "ಎಣಿಕೆ ಬಿಡಿ, ಯಾರಿಗಾದ್ರೂ ತಪ್ಪತ್ತೆ. ಬಿದ್ದಿದ್ದಾಗ ನಿಮ್ಮನ್ನ ನೋಡ್ದೆ ನಾನು. ನಿಮಗೆ ಆಗ್ಲೇ ಗೊತ್ತಾಗಿತ್ತು. ಹೌದೋ ಅಲ್ವೋ?"

"ಹೌದು" ಎಂದರು ಟೈಂಕೀಪರು.

"ಎದ್ದೇಳು ಅಂದಿದ್ರೆ ಎದ್ದು ಓಡಿರ್ತಿದ್ದೆ ಮಾವ. ಆಗ ಕಾಲಲ್ಲಿ ಇನ್ನೂ ಶಕ್ತಿ ಇತ್ತು."

ಅವಳು ನಲ್ಲಿಯನ್ನು ಮತ್ತೆ ಬಿಟ್ಟು ಹಿಂದಿನ ಚಕ್ರ ತೊಳೆಯತೊಡಗಿದಳು.